ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ

ನಮ್ಮ ಕಚೇರಿಯ ಗೋಡೆ ಗಡಿಯಾರ ನಿಂತುಹೋಗಿರುವ ವಿಷಯವನ್ನು ಸಂಬಂಧಪಟ್ಟವರೆಲ್ಲರ ಗಮನಕ್ಕೆ ತರಲಾಗಿದೆ. ನಿಲ್ಲುವಾಗ ಅದು ಐದಕ್ಕೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಪ್ರಾಣಹಾನಿಯಾಗಿಲ್ಲ. ಸಿಬ್ಬಂದಿ ಗಾಬರಿಯಾಗದೆ ತಮ್ಮ ತಮ್ಮ ಕುರ್ಚಿಯಲ್ಲೇ ಇರಬೇಕೆಂದು ಕೋರಲಾಯಿತು. ನಾವು ಸಾಮಾನ್ಯವಾಗಿ ಯಾವ ಕಾರಣಕ್ಕೂ ಏಳುವವರಲ್ಲವಾದ್ದರಿಂದ ಆದೇಶ ಪೂರ್ಣವಾಗಿ ಪಾಲನೆಯಾಯಿತು.

ಬೇರೆ ಕಡೆ ಗಡಿಯಾರ ನಿಂತರೆ ಅದು ಸುದ್ದಿಯಲ್ಲ. ನಮ್ಮಲ್ಲಿ ಹಾಗಲ್ಲ. ನಮ್ಮದು ನಗರಸಭೆಯ ಸೂಚನಾ ಫಲಕ ವಿಭಾಗ. ‘ಇಲ್ಲಿ ಉಗುಳಬಾರದು’, ‘ಮುಂದೆ ತಿರುವು ಇದೆ’ ಮುಂತಾಗಿ ನೀವು ಊರಿನಲ್ಲಿ ಓದುವ ಸಾಹಿತ್ಯವೆಲ್ಲ ರಚನೆಯಾಗುವುದು ಇಲ್ಲೇ. ರಚಿಸುವವನು ನಾನು. ಅದನ್ನು ತಗಡಿನ ಮೇಲೆ ಬರೆಯುವವನು ಪೇಂಟರ್. ನಮ್ಮಿಬ್ಬರ ಮೇಲೆ ಇಬ್ಬರು ಅಧಿಕಾರಿಗಳು: ರಸ್ತೆ ಅಗೆಸುವ ಸಾಹೇಬರು ಮತ್ತು ರಸ್ತೆ ಉದ್ಘಾಟನೆ ಮಾಡಿಸುವ ಮೇಡಂ. ಇಬ್ಬರೂ ಒಳ್ಳೆಯವರು. ಸಾಹೇಬರ ಕೈಗಡಿಯಾರ ಸ್ವಲ್ಪ ಮುಂದೆ, ಮೇಡಂ ಕೈಗಡಿಯಾರ ಸ್ವಲ್ಪ ಹಿಂದೆ. ಹೀಗಾಗಿ ಸಾಹೇಬರ ಪ್ರಕಾರ ನಾನು ಯಾವಾಗಲೂ ಕೆಲಸ ತಡಮಾಡುವವನು. ಮೇಡಂ ಪ್ರಕಾರ ಯಾವಾಗಲೂ ಬೇಗ ಮನೆಗೆ ಹೊರಡುವವನು. ಇಬ್ಬರ ಮಾತೂ ನಿಜವಾಗಿತ್ತು ಎಂಬುದು ಬೇರೆ ವಿಷಯ.

ಈ ಗೊಂದಲ ತಪ್ಪಿಸಲು ಹಿಂದೆಯೇ ಒಂದು ನಿಯಮ ಮಾಡಲಾಗಿತ್ತು: ‘ಕಚೇರಿಯ ಸಮಯವೆಂದರೆ ಗೋಡೆ ಗಡಿಯಾರ ತೋರಿಸುವ ಸಮಯ. ಕೈಗಡಿಯಾರ, ಮೊಬೈಲು, ಸೂರ್ಯ ಇತ್ಯಾದಿಗಳು ತೋರಿಸುವುದನ್ನು ಅವರವರ ವೈಯಕ್ತಿಕ ಅಭಿಪ್ರಾಯವೆಂದು ಪರಿಗಣಿಸತಕ್ಕದ್ದು.’

ಗಡಿಯಾರ ನಿಂತ ಕೂಡಲೇ ಹೊಸ ಬ್ಯಾಟರಿ ಬೇಕೆಂದು ಉಗ್ರಾಣದವರಿಗೆ ಹೇಳಿದೆವು. ಅವರು ಇವತ್ತು ಐದರೊಳಗೆ ಕೊಡುತ್ತೇವೆಂದು ಒಪ್ಪಿಕೊಂಡರು. ಇನ್ನೂ ಐದಾಗಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ.

ಅಲ್ಲಿಂದೀಚೆಗೆ ನಮ್ಮ ವಿಭಾಗದಲ್ಲಿ ಒಂದೇ ಒಂದು ಕೆಲಸವೂ ತಡವಾಗಿಲ್ಲ. ಇದಕ್ಕಾಗಿ ನಗರಸಭೆ ನಮಗೆ ಸಮಯಪಾಲನೆಯ ಪ್ರಶಂಸಾಪತ್ರ ಕೊಟ್ಟಿತು. ಅದನ್ನು ಚೌಕಟ್ಟು ಹಾಕಿಸಿ ಗಡಿಯಾರದ ಕೆಳಗೇ ನೇತುಹಾಕಿದ್ದೇವೆ. ಮನೆಗೆ ಹೋಗುವುದೊಂದೇ ಸ್ವಲ್ಪ ತೊಡಕಾಗಿತ್ತು. ಅದಕ್ಕೂ ಉಪನಿಯಮ ಬಂತು: ದೀಪ ಆರಿದ ಮೇಲೆ ಗಡಿಯಾರ ಕಾಣುವುದಿಲ್ಲ, ಗಡಿಯಾರ ಕಾಣದಿದ್ದರೆ ಸಮಯವಿಲ್ಲ, ಸಮಯವಿಲ್ಲದಾಗ ಸಿಬ್ಬಂದಿ ಹೊರಡಬಹುದು. ದೀಪ ಆರಿಸುವ ಅಧಿಕಾರ ಕಾವಲುಗಾರನಿಗೆ ಮಾತ್ರ. ಅವನು ಹಸಿವಾದಾಗ ಆರಿಸುತ್ತಾನೆ. ಅವನ ಮನೆಯವರು ಮಧ್ಯಾಹ್ನದ ಬುತ್ತಿ ಜಾಸ್ತಿ ಕಟ್ಟದಿರಲಿ ಎಂದು ನಾವೆಲ್ಲ ಹಾರೈಸುತ್ತಿರುತ್ತೇವೆ.

ಇನ್ನು ಅಕ್ಕನ ವಿಷಯ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಕೆಲವು ವರ್ಷಗಳಿಂದ ಅವಳ ಎರಡು ಕಣ್ಣಿಗೂ ಪೊರೆ ಬಂದು, ನಾನು ಅವಳ ಪಾಲಿಗೆ ಒಂದು ದನಿ ಮತ್ತು ಒಂದು ಮಬ್ಬು ಆಕಾರ ಮಾತ್ರ ಆಗಿದ್ದೆ. ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವುದು ಐದು ಗಂಟೆಗೆ ಎಂದು ಡಾಕ್ಟರು ಹೇಳಿದ್ದರು.

“ಬಿಚ್ಚಿದ ತಕ್ಷಣ ಮೊದಲು ನಿನ್ನ ಮುಖ ನೋಡ್ಬೇಕು ಕಣೋ” ಅಂದಿದ್ದಳು ಅಕ್ಕ.

“ನನ್ನ ಮುಖದಲ್ಲಿ ಏನಿದೆ ಅಕ್ಕ ನೋಡೋಕೆ?”

“ಅದನ್ನೇ ನೋಡ್ಬೇಕು. ಇಷ್ಟು ದಿನ ನೀನು ಹೇಳಿದ್ದನ್ನೆಲ್ಲ ಬರೀ ದನಿ ಕೇಳಿ ನಂಬಿದೀನಿ. ಬರ್ತೀಯ ತಾನೆ?”

“ಐದಕ್ಕೆ ಸರಿಯಾಗಿ ಅಲ್ಲಿರ್ತೀನಿ” ಅಂದೆ. ಅಷ್ಟು ಕೆಲಸದ ನಡುವೆಯೂ ನಾನು ಮಾತು ಕೊಡಲು ಮಾತ್ರ ಎಂದೂ ತಡಮಾಡಿದವನಲ್ಲ.

ಆ ದಿನ ನನ್ನ ಮೇಜಿಗೆ ಎರಡು ಕೆಲಸ ಬಂದವು. ನಮ್ಮಲ್ಲಿ ಕೆಲಸಗಳಿಗೆ ತುರ್ತು, ಅತಿ ತುರ್ತು, ಪರಮ ತುರ್ತು ಎಂಬ ದರ್ಜೆಗಳಿವೆ. ಹಿಂದೆ ‘ಸಾಮಾನ್ಯ’ ಎಂಬುದೂ ಇತ್ತು. ಆದರೆ ಅಂಥ ಕೆಲಸಗಳನ್ನು ಯಾರೂ ಮುಟ್ಟದೆ ಅವು ತಾವಾಗಿಯೇ ತೀರಿಕೊಂಡವು. ಅವತ್ತು ಬಂದ ಎರಡೂ ಪರಮ ತುರ್ತು. ಎರಡನ್ನೂ ಐದರೊಳಗೆ ಕೊಡಬೇಕು. ಒಂದು ಸಾಹೇಬರದು: ಕಣ್ಣಾಸ್ಪತ್ರೆ ರಸ್ತೆಗೆ ‘ರಸ್ತೆ ಮುಚ್ಚಿದೆ’ ಎಂಬ ಫಲಕ. ಇನ್ನೊಂದು ಮೇಡಂದು: ಅದೇ ಕಣ್ಣಾಸ್ಪತ್ರೆ ರಸ್ತೆಗೆ ‘ರಸ್ತೆ ತೆರೆದಿದೆ’ ಎಂಬ ಫಲಕ.

ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನನಗೆ ತರಬೇತಿಯಾಗಿದೆ. ಮೊದಲು ಪೆನ್ಸಿಲು ಚೂಪು ಮಾಡಿದೆ. ನೀರು ಕುಡಿದು ಲೋಟ ತೊಳೆದಿಟ್ಟೆ. ಪೆನ್ಸಿಲು ಅತಿಯಾಗಿ ಚೂಪಾಗಿದೆ ಅನಿಸಿ ಕಾಗದದ ಮೇಲೆ ಉಜ್ಜಿ ಸ್ವಲ್ಪ ಮೊಂಡು ಮಾಡಿದೆ. ಅಷ್ಟಾದ ಮೇಲೂ ಎರಡು ಕೆಲಸಗಳು ಎರಡೇ ಆಗಿ ಉಳಿದಿದ್ದರಿಂದ ಸಾಹೇಬರ ಕೋಣೆಗೆ ಹೋದೆ.

“ಸಾರ್, ಅದೇ ರಸ್ತೆ ತೆರೆದಿದೆ ಅಂತ ಬರೆಯೋಕೆ ಮೇಡಂ ಹೇಳಿದಾರೆ.”

“ಬರೀರಿ. ಬೇಡ ಅಂದವರು ಯಾರು? ಆದ್ರೆ ಮೊದಲು ನಂದು.”

“ರಸ್ತೆ ಮುಚ್ಚಿದೆಯಾ ಸಾರ್?”

“ರಸ್ತೆ ವಿಚಾರ ನಿಮಗ್ಯಾಕ್ರೀ? ನೀವು ಬೋರ್ಡಿನ ವಿಚಾರ ನೋಡಿ.”

ಮೇಡಂ ಇನ್ನೂ ಮೃದುವಾಗಿ ಮಾತಾಡಿದರು. “ನೋಡಿ, ನಾಳೆ ಉದ್ಘಾಟನೆ ಇದೆ. ಮುಚ್ಚಿರೋ ರಸ್ತೆಯನ್ನ ಯಾರಾದ್ರೂ ಉದ್ಘಾಟನೆ ಮಾಡ್ತಾರಾ? ಸಾಹೇಬರು ಬೇಕಾದ್ರೆ ಉದ್ಘಾಟನೆ ಆದ್ಮೇಲೆ ಅಗೀಲಿ. ನಾನು ಯಾವತ್ತೂ ಅಡ್ಡ ಬಂದವಳಲ್ಲ.”

ಅತ್ತ ದರಿ, ಇತ್ತ ಪುಲಿ. ಎರಡು ಕೆಲಸ ಒಂದೇ ದರ್ಜೆಯದಾಗಿದ್ದರೆ ಮೊದಲು ಬಂದದ್ದನ್ನು ಮೊದಲು ಮಾಡಬೇಕೆಂದು ನಿಯಮವಿದೆ. ಬಂದ ಹೊತ್ತನ್ನು ನೋಡಿದೆ. ಎರಡೂ ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಂದಿದ್ದವು. ಆ ತಿಂಗಳು ಬಂದ ಕೆಲಸಗಳೆಲ್ಲ ಆ ಹೊತ್ತಿಗೇ ಬಂದಿದ್ದವು.

ಪೇಂಟರ್ ಬಾಗಿಲಲ್ಲಿ ನಿಂತು ಕುಂಚ ತಿರುಗಿಸುತ್ತಿದ್ದ. “ಸಾರ್, ಬೇಗ ಏನಾದ್ರೂ ಕೊಡಿ. ಬಣ್ಣ ಒಣಗ್ತಾ ಇದೆ. ನನಗೆ ಮುಚ್ಚಿದ್ರೂ ಅಷ್ಟೇ, ತೆರೆದ್ರೂ ಅಷ್ಟೇ. ಅಕ್ಷರ ಕಮ್ಮಿ ಇದ್ರೆ ಸಾಕು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ನಾನು ಹೀಗೆ ಬರೆದೆ: ‘ಈ ರಸ್ತೆ, ಮುಚ್ಚಿರುವ ಭಾಗವನ್ನು ಹೊರತುಪಡಿಸಿ, ತೆರೆದಿದೆ.’ ನನ್ನ ವೃತ್ತಿಜೀವನದ ಅತ್ಯುತ್ತಮ ವಾಕ್ಯವೆಂದು ಈಗಲೂ ನನ್ನ ಭಾವನೆ. ಸಾಹೇಬರು ಅದನ್ನು ಓದಿ ‘ತೆರೆದಿದೆ’ ಎಂಬುದನ್ನು ಹೊಡೆದುಹಾಕಿದರು. ಮೇಡಂ ಓದಿ ‘ಮುಚ್ಚಿರುವ’ ಎಂಬುದನ್ನು ಹೊಡೆದುಹಾಕಿದರು. ಉಳಿದದ್ದು ‘ಈ ರಸ್ತೆ, ಭಾಗವನ್ನು ಹೊರತುಪಡಿಸಿ’. ಪೇಂಟರ್ ಅದನ್ನೇ ಬರೆಯಲು ಸಿದ್ಧನಿದ್ದ.

ಆಗ ಅಕ್ಕನ ಫೋನು ಬಂತು.

“ಎಲ್ಲಿದ್ದೀಯೋ? ಡಾಕ್ಟ್ರು ಬಂದ್ರು. ಪಟ್ಟಿ ಬಿಚ್ತಾರಂತೆ.”

“ಇನ್ನೂ ಐದಾಗಿಲ್ಲ ಅಕ್ಕ.”

“ಇಲ್ಲಿ ಆಗಿದೆಯಲ್ಲೋ!”

“ಅದು ಆಸ್ಪತ್ರೆಯವರ ವೈಯಕ್ತಿಕ ಅಭಿಪ್ರಾಯ.”

“ಪೊರೆ ಬಂದಿದ್ದು ನನಗೋ, ನಿನಗೋ?” ಎಂದು ಕೇಳಿ ಅಕ್ಕ ಫೋನಿಟ್ಟಳು.

ನಾನು ಓಡಿಹೋಗಿ ಇಬ್ಬರು ಅಧಿಕಾರಿಗಳ ಹತ್ತಿರವೂ ಅನುಮತಿ ಕೇಳಿದೆ. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. “ಸಾಕಿದ ಅಕ್ಕ ಅಂದ್ರೆ ತಾಯಿ ಸಮಾನ ಕಣ್ರೀ. ಐದು ಹೊಡೆದ ತಕ್ಷಣ ಒಂದು ಕ್ಷಣ ಕೂಡ ನಿಲ್ಲಬೇಡಿ, ಹೊರಟುಬಿಡಿ” ಅಂದರು ಸಾಹೇಬರು. “ನಾನಾಗಿದ್ರೆ ಐದಕ್ಕೆ ಕಾಯ್ತಾನೇ ಇರ್ಲಿಲ್ಲ” ಅಂದರು ಮೇಡಂ, “ಆದ್ರೆ ನಿಯಮ ನಿಮಗೆ ಗೊತ್ತಲ್ಲ.” ಎದ್ದು ಹೊರಗೆ ನಡೆದಿದ್ದರೆ ಯಾರೂ ನನ್ನ ಕಾಲು ಹಿಡಿದು ಎಳೆಯುತ್ತಿರಲಿಲ್ಲ. ಆ ಯೋಚನೆ ನನಗೂ ಬಂತು. ಆದರೆ ಅದಕ್ಕೆ ಯಾವ ದರ್ಜೆಯೂ ಇರಲಿಲ್ಲ. ವಾಪಸು ಬಂದು ಕುರ್ಚಿಯಲ್ಲಿ ಕೂತೆ. ಐದಕ್ಕೆ ಇಪ್ಪತ್ತು ನಿಮಿಷವಿತ್ತು.

ಕೊನೆಗೆ ದಾರಿ ತೋರಿಸಿದವನು ಪೇಂಟರ್. “ರಸ್ತೆಗೆ ಎರಡು ತುದಿ ಇರುತ್ತಲ್ಲ ಸಾರ್. ಒಂದೊಂದು ತುದಿಗೆ ಒಂದೊಂದು ಬೋರ್ಡು.”

ಯೋಜನೆಗೆ ಕೂಡಲೇ ಮಂಜೂರಾತಿ ಸಿಕ್ಕಿತು. ನಮ್ಮ ಕಚೇರಿಯ ಕಡೆಯ ತುದಿಯಲ್ಲಿ ‘ರಸ್ತೆ ತೆರೆದಿದೆ’, ಆಸ್ಪತ್ರೆಯ ಕಡೆಯ ತುದಿಯಲ್ಲಿ ‘ರಸ್ತೆ ಮುಚ್ಚಿದೆ’. ಎರಡೂ ಫಲಕ ಐದರೊಳಗೆ ನಿಂತವು. ಆಗಲೇ ಬೀದಿದೀಪಗಳು ಹತ್ತಿದ್ದವು. ಈ ಕಡೆಯಿಂದ ವಾಹನಗಳು ನಂಬಿಕೆಯಿಂದ ಒಳಗೆ ಹೋದವು. ಆ ಕಡೆಯಿಂದ ಒಂದೂ ಬರಲಿಲ್ಲ. ನಡುವೆ ಸಾಹೇಬರು ಅಷ್ಟರಲ್ಲಿ ಅಗೆಸಿದ್ದ ಗುಂಡಿಯ ಹತ್ತಿರ ಎಲ್ಲವೂ ಶಿಸ್ತಾಗಿ ನಿಂತಿದ್ದವೆಂದು ವರದಿ ಬಂತು. ವಾಹನ ನಿಲುಗಡೆಗೆ ಜಾಗವಿಲ್ಲವೆಂಬ ಜನರ ಬಹುದಿನದ ದೂರು ಹೀಗೆ ಬಗೆಹರಿಯಿತು. ಅವತ್ತು ಕಾವಲುಗಾರನ ಮನೆಯವರು ಬುತ್ತಿ ಧಾರಾಳವಾಗಿ ಕಟ್ಟಿದ್ದರು. ದೀಪ ಆರಲಿಲ್ಲ. ನಾವು ಕೂತೇ ಇದ್ದೆವು.

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಕಪ್ಪು ಕನ್ನಡಕ, ಕೈಯಲ್ಲಿ ಆಸ್ಪತ್ರೆಯ ಚೀಲ, ಮೊಣಕಾಲಿನವರೆಗೆ ಧೂಳು. ಅಕ್ಕ.

“ಹೇಗೆ ಬಂದೆ ಅಕ್ಕ?” ಎಂದು ಎದ್ದು ನಿಂತೆ.

“ನಡ್ಕೊಂಡು. ಆಟೋದವನು ಬೋರ್ಡು ತೋರಿಸಿ ರಸ್ತೆ ಮುಚ್ಚಿದೆ, ಬರೋಲ್ಲ ಅಂದ.” ಕನ್ನಡಕ ತೆಗೆದು, ಆಪರೇಷನ್ ಆದ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮೊದಲು ನಿನ್ನ ಮುಖ ನೋಡ್ಬೇಕು ಅಂತಿದ್ದೆ. ನಿನ್ನ ಬೋರ್ಡು ನೋಡ್ದೆ. ಇಷ್ಟು ವರ್ಷದ ಮೇಲೆ ನಾನು ಓದಿದ ಮೊದಲನೇ ಮಾತು ಅದು.”

“ಅಕ್ಷರ ಚೆನ್ನಾಗಿ ಕಾಣ್ತಾ ಅಮ್ಮ?” ಎಂದು ಪೇಂಟರ್ ಕೇಳಿದ.

“ಗುಂಡಾಗಿವೆ” ಅಂದಳು ಅಕ್ಕ. ಆಮೇಲೆ ನನಗೆ, “ಕೂದಲು ಎಲ್ಲೋ ಹೋಯ್ತು?”

“ಕೆಲಸದಲ್ಲಿ.”

ಸಾಹೇಬರೂ ಮೇಡಂ ಕೂಡ ಹೊರಗೆ ಬಂದರು. ನಾನು ಮಾತಿಗೆ ತಪ್ಪಿದೆನೇ ಎಂಬ ಪ್ರಶ್ನೆ ಎದ್ದದ್ದರಿಂದ ಅಲ್ಲೇ ವಿಚಾರಣೆ ನಡೆಯಿತು. ಸಾಹೇಬರು ಗೋಡೆಯ ಕಡೆ ಕೈ ತೋರಿಸಿ, “ಅಮ್ಮಾ, ಕಣ್ಣು ಕಾಣುತ್ತಲ್ಲ, ಎಷ್ಟು ಗಂಟೆ ಅಂತ ನೀವೇ ಹೇಳಿ” ಅಂದರು.

ಅಕ್ಕ ಕತ್ತು ಚಾಚಿ ನೋಡಿದಳು. “ಐದಕ್ಕೆ ಇಪ್ಪತ್ತು ನಿಮಿಷ.”

“ಸ್ಪಷ್ಟವಾಗಿ ಕಾಣುತ್ತಾ?”

“ಮುಳ್ಳಿನ ಮೇಲೆ ಕೂತಿರೋ ಧೂಳು ಕೂಡ ಕಾಣುತ್ತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಆಪರೇಷನ್ ಯಶಸ್ವಿಯಾಗಿದೆಯೆಂದೂ, ನಾನು ತಡಮಾಡಿಲ್ಲವೆಂದೂ, ಅಕ್ಕನೇ ಇಪ್ಪತ್ತು ನಿಮಿಷ ಮೊದಲು ಬಂದಿದ್ದಾಳೆಂದೂ ತೀರ್ಮಾನವಾಯಿತು. “ಸ್ವಲ್ಪ ಕೂತ್ಕೊಳ್ಳಿ ಅಮ್ಮ, ಐದಾದ ತಕ್ಷಣ ನಿಮ್ಮ ತಮ್ಮನ್ನ ಕಳಿಸ್ತೀವಿ” ಎಂದು ಮೇಡಂ ತಾವೇ ಕುರ್ಚಿ ಎಳೆದುಕೊಟ್ಟರು.

ಅಕ್ಕ ಕೂರಲಿಲ್ಲ. “ಇವರೆಲ್ಲ ದಿನಾ ಮನೆಗೆ ಹೋಗೋದು ಯಾವಾಗ?” ಎಂದು ಪೇಂಟರನ್ನು ಕೇಳಿದಳು. ಅವನು ಉಪನಿಯಮವನ್ನು ವಿವರಿಸಿದ. ಅಕ್ಕ ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿದಳು. ಕಣ್ಣು ನಿಜಕ್ಕೂ ಚೆನ್ನಾಗಿ ಬಂದಿತ್ತು. ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ಹೋಗಿ ದೀಪ ಆರಿಸಿದಳು.

ಕತ್ತಲಾಯಿತು.

“ಈಗ ಎಷ್ಟು ಗಂಟೆ?” ಅಂದಳು ಅಕ್ಕ.

ಗೋಡೆಯ ಕಡೆಯಿಂದ ಸಾಹೇಬರ ದನಿ ಕೇಳಿತು. “ಕಾಣ್ತಾ ಇಲ್ಲ ಅಮ್ಮ.”

“ಹಾಗಾದ್ರೆ ನಡಿಯೋ.” ಅಕ್ಕ ನನ್ನ ತೋಳು ಹಿಡಿದಳು. ಮೆಟ್ಟಿಲಿಳಿಯುವಾಗ ನಾನು ಎಡವಿದೆ. ಅವಳು ಎಡವಲಿಲ್ಲ.

ಮರುದಿನ ಈ ಘಟನೆಯ ಪರಿಶೀಲನೆ ನಡೆಯಿತು. ಸಿಬ್ಬಂದಿ ಸ್ವಿಚ್ಚು ಮುಟ್ಟಬಾರದೆಂದು ನಿಯಮವಿದೆ. ಸಾರ್ವಜನಿಕರು ಮುಟ್ಟಬಾರದೆಂದು ಎಲ್ಲೂ ಬರೆದಿಲ್ಲ. ಇಂಥದ್ದನ್ನು ಬರೆಯಬೇಕಾದವನು ನಾನಾದ್ದರಿಂದ ಲೋಪ ನನ್ನದೆಂದು ಸಾಬೀತಾಯಿತು. ನಾನು ಒಪ್ಪಿಕೊಂಡೆ. ‘ಐದು ಗಂಟೆಗೆ ಮೊದಲು ಈ ದೀಪ ಆರಿಸಬಾರದು’ ಎಂದು ಸ್ವಿಚ್ಚಿನ ಮೇಲೆ ಹಾಕಲು ಸಾಹೇಬರು ಒಂದು ಫಲಕ ಕೇಳಿದ್ದಾರೆ. ‘ವಿದ್ಯುತ್ ಉಳಿಸಿ, ದೀಪ ಆರಿಸಿ’ ಎಂದು ಅದೇ ಜಾಗಕ್ಕೆ ಮೇಡಂ ಇನ್ನೊಂದು ಕೇಳಿದ್ದಾರೆ. ಎರಡೂ ಪರಮ ತುರ್ತು. ಎರಡನ್ನೂ ಇವತ್ತು ಐದರೊಳಗೆ ಕೊಡಬೇಕು.

ಈ ನಡುವೆ ಅಕ್ಕನ ಇನ್ನೊಂದು ಕಣ್ಣಿಗೂ ಆಪರೇಷನ್ ಆಯಿತು. ಅದರ ಪಟ್ಟಿಯನ್ನು ಇವತ್ತು ಐದಕ್ಕೆ ಬಿಚ್ಚುತ್ತಾರೆ. ಬರುತ್ತೇನೆಂದು ಹೇಳಿದ್ದೇನೆ. ಇನ್ನೂ ಇಪ್ಪತ್ತು ನಿಮಿಷವಿದೆ.