ಒಂದು ಸಾದಾ ಫೈಲು

ಕಣ್ಣು ಕಾಣದವರಿಗೆ ಓದಲಿಕ್ಕೆಂದು ಮುನ್ನೂರ ಹನ್ನೆರಡು ಫೋಟೋ ತೆಗೆದುಕೊಟ್ಟ ಮನುಷ್ಯ ನಾನು. ಅದೂ ಬಣ್ಣದಲ್ಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಉಮದಿಯಲ್ಲಿ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ, ಅವರು ಹೇಳುವಷ್ಟರಲ್ಲಿ ಫೋಟೋಗಳ ಲೆಕ್ಕ ಸಾವಿರ ದಾಟಿರುತ್ತದೆ. ಏನೂ ತಿಳಿಯದವನ ತಪ್ಪು ಸಣ್ಣದಿರುತ್ತದೆ, ಯಾಕೆಂದರೆ ಅವನು ನಾಲ್ಕು ಮಂದಿಯನ್ನು ಕೇಳಿ ಮಾಡುತ್ತಾನೆ. ಅರ್ಧ ತಿಳಿದವನು ಯಾರನ್ನೂ ಕೇಳುವುದಿಲ್ಲ. ಆ ಅರ್ಧ ತಿಳಿವಳಿಕೆಯ ಬಂಡವಾಳದ ಮೇಲೆ ನಾನು ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಅಂಗಡಿಯನ್ನೇ ತೆರೆದು ಕೂತಿದ್ದೆ. ಝೆರಾಕ್ಸ್, ಟೈಪಿಂಗ್, ಸ್ಕ್ಯಾನಿಂಗ್ ಎಂದು ಬೋರ್ಡು. ಮೇಲೆ ಮರಾಠಿಯಲ್ಲಿ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ ಜಾಗ ಉಳಿದಷ್ಟು.

ಅಂಗಡಿಗಿಂತ ಹೆಚ್ಚು ಹೆಸರು ತಂದದ್ದು ನನ್ನ ಗಂಟಲು. ಜತ್ತ ಬಸ್ಸಿನ ಕಂಡಕ್ಟರು ‘ಪುಢೇ ಚಲಾ, ಮುಂದ ನಡೀರಿ’ ಎಂದು ಎರಡು ಭಾಷೆಯನ್ನು ಒಂದೇ ಉಸಿರಿನಲ್ಲಿ ದಬ್ಬುವುದು, ಹೆಡ್ ಮಾಸ್ತರರು ಪ್ರತಿ ಮಾತಿಗೂ ಮೊದಲು ಗಂಟಲು ಕೆರೆದುಕೊಳ್ಳುವುದು, ನಮ್ಮಪ್ಪ ಶೇಂಗಾ ಖರೀದಿಯಲ್ಲಿ ‘ಒಲ್ಲೆಪಾ ಒಲ್ಲೆ’ ಎನ್ನುತ್ತಲೇ ಚೀಲದ ಬಾಯಿ ಕಟ್ಟುವುದು, ಬೆಳುಂಕಿಗೆ ಕನ್ಯಾ ನೋಡಲು ಹೋದಾಗ ‘ಏನ್ ಓದೀರಿ’ ಎಂದು ಕೇಳಿದ ನನ್ನದೇ ಧ್ವನಿ ಕುರಿಮರಿಯ ಹಾಗೆ ಒಡೆದದ್ದು, ಯಾವುದನ್ನೂ ಅಣಕಿಸದೆ ಬಿಡುತ್ತಿರಲಿಲ್ಲ. ಊರಲ್ಲಿ ಎಲ್ಲರದೂ ಒಂದೇ ಅಭಿಪ್ರಾಯವಿತ್ತು: ‘ನಂದೊಂದು ಬಿಟ್ರ ಉಳಿದವ್ರದೆಲ್ಲಾ ಭಾಳ ಚಲೋ ನಕಲಿ ಮಾಡ್ತಾನ.’ ನನ್ನ ಸ್ವಂತ ಮಾತಿನ ಬಗ್ಗೆ ನನಗೂ ಒಂದು ಅಭಿಪ್ರಾಯವಿತ್ತು. ಅದರಲ್ಲಿ ಅಣಕಿಸುವಂಥದ್ದು ಏನೂ ಇಲ್ಲ, ಅದು ಶುದ್ಧ ಕನ್ನಡ.

ಒಂದು ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಓಣಿಯ ಟೇಲರ್ ಚಾಚಾ ತಮ್ಮ ಮಗಳು ರಜಿಯಾ ಆಪಾಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಆಪಾ ನನಗಿಂತ ನಾಲ್ಕು ವರ್ಷ ದೊಡ್ಡವಳು, ಹುಟ್ಟಿನಿಂದ ಕಣ್ಣಿಲ್ಲ. ಕನ್ನಡ ಸಾಲಿ ಮುಗಿಸಿ, ವಿಜಾಪುರದ ಕಡೆಯಿಂದ ಹೊರಗಿನ ವಿದ್ಯಾರ್ಥಿಯಾಗಿ ಬಿ.ಎ. ಕಟ್ಟಿದ್ದಳು. ಎಲ್ಲ ಪಾಸಾಗಿ ಇತಿಹಾಸವೊಂದು ನಪಾಸಾಗಿತ್ತು. ಕಾರಣ, ಆ ಪುಸ್ತಕವನ್ನು ಅವಳಿಗೆ ಓದಿ ಹೇಳಿದ ಮೂವರು ಬಂಧುಗಳು. ಒಬ್ಬನು ಬೇಸರ ಬಂದಲ್ಲಿ ಹಾಳೆ ಹಾರಿಸಿದ, ಒಬ್ಬನು ಓದುತ್ತ ಓದುತ್ತ ನಿದ್ದೆ ಹೋದ, ಮೂರನೆಯವನು ಸುಲ್ತಾನರ ಬಗ್ಗೆ ತನ್ನ ವಿಚಾರಗಳನ್ನೇ ಹೇಳಿದ. ಆಪಾ ಪರೀಕ್ಷೆಯಲ್ಲಿ ಆ ವಿಚಾರಗಳನ್ನೂ ಬರೆಸಿ ಬಂದಿದ್ದಳು. ಬರುವ ಎಪ್ರಿಲ್ ಪರೀಕ್ಷೆ ಅವಳಿಗೆ ಕಡೆಯ ಸಲ. ಈಗ ಹೋದರೆ ಮತ್ತೆ ಫಾರ್ಮು ತುಂಬಲು ಬರುವುದಿಲ್ಲ, ಮೂರು ವರ್ಷದ ಓದೆಲ್ಲ ನೀರಿನಲ್ಲಿ. ಮಿರಜಿನ ಯಾವುದೋ ಸಂಸ್ಥೆಯವರು ಅವಳಿಗೊಂದು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಅಕ್ಷರವನ್ನು ಓದಿ ಹೇಳುವ ಪ್ರೋಗ್ರಾಮು ಅದರಲ್ಲಿತ್ತು. ಮೂಗು ಕಟ್ಟಿದ ತಗಡಿನ ಡಬ್ಬಿ ಮಾತಾಡಿದ ಹಾಗಿನ ಧ್ವನಿ. ಅವರ ಮನೆಯಲ್ಲಿ ಒಮ್ಮೆ ಕೇಳಿದ್ದೆ, ಅದನ್ನೂ ನಕಲಿ ಮಾಡಿ ತೋರಿಸಿದೆ. ಆಪಾ ನಕ್ಕಳು. ನಕ್ಕು ಮುಗಿದ ಮೇಲೆ ಪುಸ್ತಕ ಮೇಜಿನ ಮೇಲಿಟ್ಟು, ‘ತಮ್ಮಾ, ಇದನ್ನ ಸಾದಾ ಟೆಕ್ಸ್ಟ್ ಫೈಲ್ ಮಾಡಿ ಕೊಡು. ನಾನ ಓದ್ಕೋಬೇಕು’ ಅಂದಳು.

ಎಲ್ಲ ಕೆಟ್ಟದ್ದು ಆ ‘ಸಾದಾ’ ಎಂಬ ಶಬ್ದದಿಂದ. ನಮ್ಮೂರಿನಲ್ಲಿ ಸಾದಾಕ್ಕೆ ಕಿಮ್ಮತ್ತಿಲ್ಲ. ಹೋಟೆಲಿನಲ್ಲಿ ಸಾದಾ ಚಹಾ ಅಂದರೆ ಹುಡುಗ ಕಪ್ಪನ್ನು ಕುಕ್ಕಿ ಹೋಗುತ್ತಾನೆ, ಸ್ಪೆಷಲ್ ಅಂದರೆ ಮೊದಲು ಮೇಜು ಒರೆಸುತ್ತಾನೆ. ಲಗ್ನಪತ್ರಿಕೆ ಸಾದಾ ಮಾಡಿಸಿದ ಬೀಗರ ಬಗ್ಗೆ ಮೂರು ತಲೆಮಾರು ಮಾತಾಡುತ್ತಾರೆ. ನನ್ನಂಥವನ ಅಂಗಡಿಗೆ ಬಂದು ಸಾದಾ ಫೈಲು ಕೇಳುವುದೆಂದರೇನು? ಪಾಪ, ಆಕೆಗೇನು ಗೊತ್ತು ಎಂದುಕೊಂಡೆ. ಲೋಡ್ ಶೆಡ್ಡಿಂಗಿನ ನಡುನಡುವೆ ಕರೆಂಟು ಇದ್ದಾಗ ಹದಿನೈದು ದಿನ ಕೂತು, ಪುಟಕ್ಕೊಂದರಂತೆ ಬಣ್ಣದ ಫೋಟೋ ಮಾಡಿ ಸೀಡಿಗೆ ಹಾಕಿ ಕೊಟ್ಟೆ. ‘ನೋಡ್ರಿ ಆಪಾ, ಹಾಳಿ ಹಳದಿ ಆಗಿದ್ದೂ ಕಾಣತೈತಿ’ ಅಂದೆ. ಆಪಾ ಸೀಡಿ ಒಯ್ದಳು. ಮರುದಿನ, ಚಾಚಾರ ಟೇಲರ್ ಅಂಗಡಿಯೂ ಆಗಿದ್ದ ತನ್ನ ಮನೆಗೆ ಕರೆಸಿ ಕೇಳಿಸಿದಳು. ತಗಡಿನ ಡಬ್ಬಿ ಒಂದೊಂದು ಪುಟಕ್ಕೂ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತಿತ್ತು. ಮುನ್ನೂರ ಹನ್ನೆರಡು ಸಲ ಚಿತ್ರ.

ಸೋಲೊಪ್ಪುವ ಪೈಕಿ ನಾನಲ್ಲ. ಎಲ್ಲ ಫೋಟೋಗಳನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ ಒಯ್ದೆ. ಸರಕಾರದ ಕಾಗದಪತ್ರವೆಲ್ಲ ಇದರಲ್ಲೇ ಬರುತ್ತದೆ, ಇದಕ್ಕಿಂತ ದೊಡ್ಡದು ಯಾವುದಿದೆ? ಡಬ್ಬಿ ಅದನ್ನು ತೆರೆದು, ‘ಖಾಲಿ ಕಾಗದ’ ಎಂದಿತು. ‘ಫೋಟೋಕ್ಕ ದಾರಾ ಹಾಕಿ ಹೊಲದಿ, ಅಷ್ಟ’ ಅಂದಳು ಆಪಾ. ಸ್ಕ್ಯಾನರಿನ ಜೊತೆಗೆ ಅಕ್ಷರ ಗುರುತಿಸುವ ಒಂದು ಪ್ರೋಗ್ರಾಮೂ ಬಂದಿತ್ತು. ಅದಕ್ಕೆ ಬರುತ್ತಿದ್ದುದು ಇಂಗ್ಲಿಷ್ ಮಾತ್ರ. ನಮ್ಮ ಲಿಪಿಯ ದುಂಡು ನೋಡಿ ಅದು ಇಡೀ ಆದಿಲಶಾಹಿಯನ್ನು ಸೊನ್ನೆ, ಎಂಟು, ಆರು ಎಂದು ಓದಿತು. ಇತಿಹಾಸ ಹೋಗಿ ಓಸಿ ಮಟಕಾದ ನಂಬರು ಬಂತು.

ಉಳಿದದ್ದು ಟೈಪು ಮಾಡುವುದು. ನನ್ನ ಬೆರಳು ಕಲಿತದ್ದು ಮರಾಠಿ ಟೈಪಿಂಗು. ಕನ್ನಡದ ಕೀಲಿಗಳನ್ನು ಹೊಸದಾಗಿ ಕಲಿಯುವ ಉಪದ್ವ್ಯಾಪ ಯಾಕೆಂದು ಕನ್ನಡವನ್ನೇ ಮರಾಠಿ ಲಿಪಿಯಲ್ಲಿ ಹೊಡೆದೆ. ನಮ್ಮ ತಾಲೂಕಿನಲ್ಲಿ ಇದೇನು ಪಾಪವಲ್ಲ, ಚೀಟಿ ಚಪಾಟಿ ಬರೆಯುವವರು ಅರ್ಧಕ್ಕರ್ಧ ಹೀಗೇ ಬರೆಯುತ್ತಾರೆ. ಆಪಾಳ ಡಬ್ಬಿಯಲ್ಲಿ ಹಿಂದಿ ಧ್ವನಿಯೊಂದಿತ್ತು, ಕನ್ನಡದ್ದಕ್ಕಿಂತ ಸ್ವಚ್ಛ. ಅದಕ್ಕೆ ಮೊದಲ ಅಧ್ಯಾಯ ಕೊಟ್ಟೆವು. ಹಿಂದಿಯವರಿಗೆ ಶಬ್ದದ ಕೊನೆಯ ಅಕಾರ ನುಂಗುವ ಚಟ. ಅದಕ್ಕೆ ಗಿಡ್ಡ ಎಕಾರ ಒಕಾರ ಬೇರೆ ತಿಳಿಯದು. ‘ರಾಜ್ಯದ ಒಡೆಯ ಬಂದ’ ಎಂದು ಪುಸ್ತಕದಲ್ಲಿದ್ದರೆ, ಡಬ್ಬಿ ಗಂಭೀರವಾಗಿ ‘ರಾಜ್ಯದ್ ಓಡೇಯ್ ಬಂದ್’ ಎಂದಿತು. ಹೊಲಿಗೆ ಮಷೀನಿನ ಹಿಂದಿನಿಂದ ಚಾಚಾ ತಲೆಯೆತ್ತಿ, ‘ಯಾರ್ ಬಂದ್ರೋ, ಯಾಕ ಓಡಬೇಕು?’ ಅಂದರು. ಆಪಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ‘ನಮ್ಮ ಇತಿಹಾಸ ಹೊಸದಾಗಿ ಬದಲಿ ಆಗಿ ಬಂದ, ಕನ್ನಡ ಬಾರದ ತಲಾಠಿ ಸಾಹೇಬ್ರ ಬಾಯಾಗ ಸಿಕ್ಕಂಗ ಆತು’ ಅಂದಳು.

ಆಗ ನನಗೆ ಹೊಳೆದದ್ದು ನನ್ನ ಪ್ರಕಾರ ಮಹಾ ವಿಚಾರ. ಡಬ್ಬಿಯ ಹಂಗೇ ಬೇಡ, ನಾನೇ ಓದಿ ಎಂಪಿತ್ರೀ ಮಾಡಿದರಾಯಿತು. ಗಂಟಲು ಇರುವುದು ಯಾತಕ್ಕೆ? ಸುಲ್ತಾನನಿಗೆ ಕಂಡಕ್ಟರನ ಧ್ವನಿ ಕೊಟ್ಟೆ, ವಜೀರನಿಗೆ ಹೆಡ್ ಮಾಸ್ತರರದು, ಸೋತು ಶರಣಾದ ಸರದಾರನಿಗೆ ಬೆಳುಂಕಿಯಲ್ಲಿ ಒಡೆದ ನನ್ನದೇ ಧ್ವನಿ. ಸುಲ್ತಾನನು ಸೈನ್ಯಕ್ಕೆ ‘ಮುಂದ ನಡೀರಿ’ ಎಂದಾಗ ಟೇಲರ್ ಅಂಗಡಿಯಲ್ಲಿ ಕೂತ ಗಿರಾಕಿಗಳೆಲ್ಲ ಹೊಟ್ಟೆ ಹಿಡಿದುಕೊಂಡರು. ಮೂರು ದಿನ ಓಣಿಯೇ ಕೇಳಿತು. ನಾಲ್ಕನೆಯ ದಿನ ಆಪಾ ಕರೆಸಿದಳು. ಈ ಸಲ ನಗುತ್ತಿರಲಿಲ್ಲ.

‘ತಮ್ಮಾ, ಭಾಳ ಚಲೋ ಮಾಡೀದಿ. ಆದ್ರ ನಾ ಪರೀಕ್ಷಾದಾಗ ರೈಟರ್‌ಗೆ ಒಂದೊಂದು ಅಕ್ಷರ ಹೇಳಿ ಬರಸಬೇಕು. ಅವ ಯಾವ ಶ ಅಂತ ಕೇಳಿದ್ರ ಕಂಡಕ್ಟರ್ ಹೇಳ್ತಾನೇನು? ಬೇಕಾದಲ್ಲಿ ನಿಂದ್ರಬೇಕು, ಹಿಂದ ಹೋಗಬೇಕು, ಅಕ್ಷರ ಅಕ್ಷರ ಬಿಡಿಸಿ ಕೇಳಬೇಕು. ಹೋದ ವರ್ಷ ಮೂರು ಮಂದಿ ಓದಿದ್ರು, ಈ ವರ್ಷ ನೀ ಓದೀದಿ. ನಾ ಯಾವಾಗ ಓದೂದು?’

ನಾನು ಚಾಚಾರ ಮುಖ ನೋಡಿದೆ. ಅವರು ಬಾಯಲ್ಲಿದ್ದ ಸೂಜಿ ತೆಗೆದು, ನಿಧಾನಕ್ಕೆ ಹೇಳಿದರು: ‘ಬೇಟಾ, ಆಕಿ ಮೊದಲನೇ ದಿವ್ಸನ ಅಳತಿ ಕೊಟ್ಟಾಳ. ನೀ ನಿನ್ನ ಮೈ ಅಳತಿಗೆ ಅಂಗಿ ಹೊಲದು ಹೊಲದು ತಂದು, ಆಕಿಗೆ ಯಾಕ ಕೂಡವಲ್ದು ಅಂತಿ.’

ಜನವರಿ ಅರ್ಧ ಕಳೆದಿತ್ತು. ನಾನು ಕನ್ನಡದ ಕೀಲಿಮಣೆ ಕಲಿತೆ. ಮುದಿ ಎಮ್ಮೆಗೆ ನೇಗಿಲು ಕಲಿಸಿದಂತೆ ಎನ್ನಬಹುದಿತ್ತು, ಆದರೆ ನನಗಾಗ ಇಪ್ಪತ್ತನಾಲ್ಕೇ. ಅಂಚು ಇಲ್ಲ, ಹೂವಿಲ್ಲ, ದಪ್ಪ ಅಕ್ಷರವಿಲ್ಲ. ಗಾದಿಯಿಲ್ಲದ ಹೊರಸಿನ ಹಾಗೆ ಬೋಳು ಫೈಲು. ಒಂದು ಸಾಲು ನೋಡುವುದು, ಬಾಯಲ್ಲಿ ಹೇಳಿಕೊಳ್ಳುವುದು, ಹೊಡೆಯುವುದು. ಒಂದೊಂದು ಅಧ್ಯಾಯ ಮುಗಿದ ಹಾಗೆ ಆಪಾ ಪೆನ್ ಡ್ರೈವಿನಲ್ಲಿ ತರಿಸಿಕೊಂಡಳು. ಮಾರ್ಚ್ ಮುಗಿಯುವುದರೊಳಗೆ ಮುನ್ನೂರ ಹನ್ನೆರಡೂ ಪುಟ ಅವಳ ಡಬ್ಬಿಯೊಳಗಿದ್ದವು. ಆಮೇಲೆ ಅವಳು ನನ್ನನ್ನು ಕರೆಸಲೇ ಇಲ್ಲ. ಓದುತ್ತಿದ್ದಳು.

ಜೂನಿನಲ್ಲಿ ರಿಜಲ್ಟ್ ಬಂತು. ಆಪಾ ಪಾಸು. ಪೇಢೆ ತಿನ್ನಲು ಹೋದವನು ಪೇಢೆ ತಿಂದು ಬರಬೇಕಿತ್ತು. ತುಂಬಿದ ಟೇಲರ್ ಅಂಗಡಿ ನೋಡಿ ನಾಲಿಗೆ ತುರಿಸಿತು. ಡಬ್ಬಿಯ ಧ್ವನಿ ತೆಗೆದು, ‘ನಾ-ನು ಪಾ-ಸಾ-ದೆ’ ಎಂದು ಎಲ್ಲರನ್ನೂ ನಗಿಸಿ, ‘ಖರೇ ಹೇಳ್ರಿ ಆಪಾ, ಈ ಡಬ್ಬಿಗೇನು ಕಳೆ ಐತಿ? ಅದಕ್ಕೊಂದು ಸ್ವಂತ ಧಾಟಿ ಇಲ್ಲ, ಏನಿಲ್ಲ. ನಕಲಿ ಅಂದ್ರ ನನ್ನದು’ ಅಂದೆ.

‘ಕುಂದ್ರು’ ಅಂದಳು ಆಪಾ. ‘ನೀ ಹೊಡದದ್ದನ್ನ ನಾ ತಿದ್ದಿ ಓದೀನಿ. ಆದ್ರ ನಿನ್ನ ಅಸಲಿ ಕಾಪಿನೂ ಹಂಗ ಇಟ್ಟೀನಿ. ಕೇಳು.’

ಕೀಲಿ ಒತ್ತಿದಳು. ಡಬ್ಬಿ ಶುರು ಮಾಡಿತು: ‘ಸುಲ್ತಾನನು ಗಡಿಯಲ್ಲಿ ಮೂರು ಕೋಟಿ ಕಟ್ಟಿಸಿದನು. ಅವನ ಸೇನಿಯಲ್ಲಿ ಆನಿ, ಕುದುರಿ ಬಹಳ ಇದ್ದವು. ಯುದ್ಧ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನಿಗೆ ಹೋದರು.’

ಕೋಟೆ ಕೋಟಿಯಾಗಿ, ಸೇನೆ ಸೇನಿಯಾಗಿ, ಪುಸ್ತಕದ ಎಕಾರಗಳೆಲ್ಲ ಇಕಾರಗಳಾಗಿದ್ದವು. ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ನಕ್ಕು, ‘ಯಾರದಿದು ಧಾಟಿ? ಎಲ್ಲೋ ಕೇಳಿದಂಗ ಐತೆಲ್ಲ’ ಅಂದೆ.

ಆಪಾ ಪೇಢೆಯ ಡಬ್ಬವನ್ನು ನನ್ನ ಕಡೆ ಸರಿಸುತ್ತ ಹೇಳಿದಳು: ‘ಊರ ಮಂದೀದೆಲ್ಲಾ ನೀ ನಕಲಿ ಮಾಡಿದಿ ತಮ್ಮಾ. ನಿನ್ನದೊಂದು ಉಳದಿತ್ತು, ಅದನ್ನ ಇದು ಮಾಡ್ತು.’