ವಠಾರವನ್ನೇ ಆಡಿಬಿಟ್ಟ ಅಳಗುಳಿ ಯಂತ್ರ

ರುದ್ರಾಣಿ ಟೀಚರಿಗೆ ತಮ್ಮನ ಮೇಲೆ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ. ಮೋಟರ್ ವೈಂಡಿಂಗ್ ಅಂಗಡಿಯ ಲಿಂಗರಾಜು ಹೋದ ವರ್ಷ ಮಾಡಿಕೊಟ್ಟ ರೊಟ್ಟಿ ತಟ್ಟುವ ಯಂತ್ರ ಅಡುಗೆಮನೆಯ ಗೋಡೆಯನ್ನೇ ತಟ್ಟಿ ಪಕ್ಕದ ಮನೆಗೆ ಕಿಂಡಿ ಮಾಡಿತ್ತು. ಆದರೂ ಆ ಶನಿವಾರ ಬೆಳಿಗ್ಗೆ ಅವನನ್ನೇ ಕರೆಸಿದ್ದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಹತ್ತೊಂಬತ್ತು ವರ್ಷದಿಂದ ಅವಳು ತನ್ನ ಮನೆಯ ನಡುಮನೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಈಗಿದ್ದದ್ದು ಇಪ್ಪತ್ತಾರು ಮಕ್ಕಳು. ಅವರೆಲ್ಲರನ್ನೂ ಬಿಡಿಸಿ, ಬೂಟು ಟೈ ಹಾಕಿಸುವ ಹೊಸ ಶಾಲೆಗೆ ಸೇರಿಸಬೇಕೆಂದು ಪಕ್ಕದ ಮನೆಯ ವಿಶಾಲಾಕ್ಷಮ್ಮ ವಠಾರವನ್ನೆಲ್ಲ ಎತ್ತಿಕಟ್ಟಿದ್ದಳು. ಅದನ್ನು ತೀರ್ಮಾನಿಸಲು ಹೆತ್ತವರೆಲ್ಲ ಅಂದು ನಡುಮನೆಯಲ್ಲಿ ಸೇರಿದ್ದರು.

"ನೋಡಿ ಟೀಚರೇ, ನನ್ನ ಮೊಮ್ಮಗ ವರ್ಷವಿಡೀ ಹುಣಸೆಬೀಜ ಎಣಿಸಿದ್ದಾನೆ. ಅದಕ್ಕೆ ಶಾಲೆ ಯಾಕೆ? ಹುಣಸೆಮರದ ಕೆಳಗೆ ಕೂರಿಸಿದ್ರೆ ಸಾಕಿತ್ತು."

"ಆಟ ಆಡ್ತಾನೇ ಲೆಕ್ಕ ಬರುತ್ತೆ ವಿಶಾಲಾಕ್ಷಮ್ಮ," ಎಂದಳು ರುದ್ರಾಣಿ. ತಮ್ಮನಿಗೆ ಕಣ್ಸನ್ನೆ ಮಾಡಿದಳು.

ಲಿಂಗರಾಜು ಪರದೆ ಸರಿಸಿ ತನ್ನ ಹೊಸ ಯಂತ್ರ ತೋರಿಸಿದ. ಗ್ರೈಂಡರಿನ ಹೊಟ್ಟೆ, ಸೈಕಲ್ ಚಕ್ರ, ಮುಂದೆ ಮಾರುದ್ದದ ಸೊಂಡಿಲು.

"ಈ ಸೊಂಡಿಲು ಮುಟ್ಟಿದ ವಸ್ತು ತನ್ನ ತೂಕಾನೇ ಮರೆತುಬಿಡುತ್ತೆ," ಎಂದು ಎದೆಯುಬ್ಬಿಸಿದ.

"ಹುಣಸೆಬೀಜಕ್ಕೆ ಎಷ್ಟೋ ತೂಕ ಇರೋದು?" ಎಂದಳು ಅಕ್ಕ.

"ಅಕ್ಕ, ನೀ ಸುಮ್ನಿರು."

ಯಂತ್ರ ಅಳಗುಳಿ ಮಣೆಯ ಮುಂದೆ ಕೂತಿತು. ಈ ಸಾಲಿನಲ್ಲಿ ಏಳು ಗುಳಿ, ಎದುರು ಸಾಲಿನಲ್ಲಿ ಏಳು. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಯಿತು. ಮಕ್ಕಳು ಕಿರುಚಿಕೊಂಡು ಎಣಿಸಿದರು. ಕೆಲವು ತಾಯಂದಿರು ಮೆಚ್ಚಿ ತಲೆಯಾಡಿಸಿದ್ದೂ ಉಂಟು. ರುದ್ರಾಣಿಗೆ ಹೋದ ಜೀವ ಬಂದಂತಾಯಿತು.

"ಇಷ್ಟೇ ಅಲ್ಲ, ಏಳರ ಎರಡು ಸಾಲು ಎಲ್ಲಿ ಕಂಡ್ರೂ ಆಡುತ್ತೆ," ಎಂದ ಲಿಂಗರಾಜು.

ಅವನು ಅದಕ್ಕೆ ಅಳತೆ ಹೇಳಿಕೊಟ್ಟಿರಲಿಲ್ಲ. ಆಟ ಮುಗಿಸಿದ ಯಂತ್ರ ಬಾಗಿಲಿಗೆ ಉರುಳಿ ಹೊರಗೆ ನೋಡಿತು. ವಠಾರದಲ್ಲಿ ಈ ಕಡೆ ಏಳು ಮನೆ, ಆ ಕಡೆ ಏಳು ಮನೆ.

ಮೊದಲು ಹೊಸ್ತಿಲ ಬಳಿಯ ಚಪ್ಪಲಿಗಳನ್ನೆಲ್ಲ ಬಾಚಿ ಮನೆಗೊಂದರಂತೆ ಎಸೆಯಿತು. ಒಂದು ಜೊತೆಯೂ ಒಂದೇ ಮನೆಗೆ ಬೀಳಲಿಲ್ಲ. ಆಮೇಲೆ ಒಳಗೆ ಬಂದು ಮಕ್ಕಳನ್ನು ಎತ್ತತೊಡಗಿತು. ಮಕ್ಕಳು ಹತ್ತಿಯಂತೆ ತೇಲುತ್ತ, ಕೇಕೆ ಹಾಕುತ್ತ, ಸಾಲಾಗಿ ಬೀದಿ ಸೇರಿದರು. ಉಳಿದ ಹದಿಮೂರು ಮನೆಗೆ ಒಂದು ಸುತ್ತು ಹಂಚಿತು, ಮತ್ತೊಂದು ಸುತ್ತು ಹಂಚಿತು. ಮನೆಗೆ ಎರಡು ಮಕ್ಕಳು. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ಯಾರ ಮಗು ಯಾರ ಮನೆಗೆಂಬುದನ್ನು ಮಾತ್ರ ಅದು ನೋಡಿರಲಿಲ್ಲ.

ಹೆತ್ತವರು ಬರಿಗಾಲಲ್ಲಿ ಓಡಿದರು. ತಂತಮ್ಮ ಮಗುವನ್ನು ಎತ್ತಿಕೊಂಡು ಬಂದರೆ ಯಂತ್ರ "ಮೋಸ! ಮೋಸ!" ಎಂದು ಗಂಟೆ ಬಾರಿಸಿ ಮಗುವನ್ನು ಕಿತ್ತುಕೊಂಡು ಮೊದಲಿದ್ದ ಮನೆಗೇ ಬಿಡುತ್ತಿತ್ತು.

"ಆರಿಸೋ ಅದನ್ನ!" ಎಂದಳು ರುದ್ರಾಣಿ.

"ಸ್ವಿಚ್ ಹೊಟ್ಟೆ ಒಳಗಿದೆ ಅಕ್ಕ. ಮಕ್ಕಳ ಕೈಗೆ ಸಿಗಬಾರದು ಅಂತ."

ಈ ಜಗ್ಗಾಟ ಮೂರು ಗಂಟೆ ನಡೆಯಿತು. ವಿಶಾಲಾಕ್ಷಮ್ಮನ ಪಾಲಿಗೆ ಬಂದವರು, ಉಸಿರಿಗೊಂದು ಪ್ರಶ್ನೆ ಕೇಳುವ ಇಂಚರ ಮತ್ತು ಕಂಡದ್ದನ್ನೆಲ್ಲ ಸುರಿಯುವ ತೇಜು. ತೇಜು ಬೇಳೆ ಡಬ್ಬಿ ಸುರಿದ. ಇಂಚರ ಮನೆಯ ಲೋಟಗಳನ್ನೆಲ್ಲ ಸಾಲಾಗಿಟ್ಟು ಬೇಳೆ ಹಂಚತೊಡಗಿದಳು.

"ಅಜ್ಜಿ, ಐದು ಲೋಟಕ್ಕೆ ಮೂರ್ಮೂರು ಅಂದ್ರೆ ಎಷ್ಟು? ಅಜ್ಜಿ, ನಿಮಗೆ ಬರಲ್ವಾ?"

"ಟೀಚರೇ, ಬಂದು ಇವರನ್ನ ಕರ್ಕೊಂಡು ಹೋಗಿ," ಎಂದು ವಿಶಾಲಾಕ್ಷಮ್ಮ ಕಿಟಕಿಯಿಂದ ಕೂಗಿದಳು.

"ನಾನು ಮುಟ್ಟಿದ್ರೆ ಮೋಸ ಆಗುತ್ತೆ," ಎಂದಳು ರುದ್ರಾಣಿ. ಈ ಮಾತು ಹೇಳುವಾಗ ಅವಳಿಗೆ ಸಂತೋಷವಾಯಿತು, ನಾಚಿಕೆಯೇನೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸುಸ್ತಾಗಿ ಕುಸಿದರು. ಯಾರೂ ಯಾವ ಮಗುವನ್ನೂ ಮುಟ್ಟಲಿಲ್ಲ. ಯಂತ್ರಕ್ಕೆ ಆಟ ಮುಂದುವರಿಸಲು ಕೊನೆಗೂ ಅವಕಾಶ ಸಿಕ್ಕಿತು. ಅದು ಬರಿದಾದ ಶಿಶುವಿಹಾರದ ಮುಂದೆ ನಿಂತು ಹೊಸ್ತಿಲನ್ನು ಸೊಂಡಿಲಿನಿಂದ ಸವರಿತು.

ಲಿಂಗರಾಜು ತಲೆ ಮೇಲೆ ಕೈಹೊತ್ತ. "ಖಾಲಿ ಗುಳಿ ಸಿಕ್ತು ಅಕ್ಕ. ಇನ್ನು ಅದರ ಪಕ್ಕದ ಗುಳೀಲಿರೋದೆಲ್ಲ ಗೆದ್ದ ಹಾಗೆ."

ಪಕ್ಕದ್ದು ವಿಶಾಲಾಕ್ಷಮ್ಮನ ಮನೆ. ಬೇಳೆ ಬಂತು, ಕುಕ್ಕರ್ ಬಂತು, ಇಂಚರ, ತೇಜು ಬಂದರು. ಅವರ ಹಿಂದೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ವಿಶಾಲಾಕ್ಷಮ್ಮ ತೇಲಿಬಂದಳು. ನಡುಮನೆಯಲ್ಲಿ ಅವಳನ್ನು ಕೆಳಗಿಳಿಸಿ ತೂಕ ನೆನಪಿಸುವ ಮೊದಲೇ ಬ್ಯಾಟರಿ ಸತ್ತಿತು. ಅವಳು ಮೇಲೇರಿ ಹೋಗಿ ತೊಲೆಗೆ ಆತುಕೊಂಡಳು.

"ಚಾರ್ಜ್ ಆಗೋಕೆ ಸೋಮವಾರ ಆಗುತ್ತೆ," ಎಂದ ಲಿಂಗರಾಜು, ಮೇಲೆ ನೋಡದೆ.

ಅಷ್ಟರಲ್ಲಿ ಹೆತ್ತವರೆಲ್ಲ ಎರಡೆರಡು ಮಕ್ಕಳನ್ನು ದರದರ ಎಳೆದುಕೊಂಡು ಬಂದು ಒಳಗೆ ಬಿಟ್ಟರು. ಇನ್ನು ಮೇಲೆ ಶನಿವಾರವೂ ಸಂಜೆವರೆಗೆ ಇಟ್ಟುಕೊಳ್ಳಬಹುದೇ ಎಂದು ವಿನಯದಿಂದ ಕೇಳಿದರು. ಬೂಟಿನ ಮಾತು ಯಾರೂ ಎತ್ತಲಿಲ್ಲ.

ರುದ್ರಾಣಿಯ ಕಣ್ಣು ತುಂಬಿತು. ಬೆರಳು ಮಾಡಿ ಒಂದೊಂದೇ ತಲೆ ಎಣಿಸಿದಳು. "ಇಪ್ಪತ್ತಾರು. ಎಲ್ಲರೂ ಇದ್ದಾರೆ."

ಇಂಚರ ಕತ್ತೆತ್ತಿ ತೊಲೆಯ ಕಡೆ ನೋಡಿದಳು. "ಇಲ್ಲ ಟೀಚರ್, ಇಪ್ಪತ್ತೇಳು."

ಲೆಕ್ಕ ಸರಿಯಾಗಿಯೇ ಇತ್ತು.