ಮಿಂಚುಗಿಡುಗ ಹೇಳಿದ್ದೇನು

ನೀಲಾಂಬಿಕಾ: ಆ ಮೋಡ ಮತ್ತ ಬಂತು ನೋಡ್ರಿ.

ಲೋಕೇಶ್: ಅದು ಬೇರೆ ಮೋಡ ಕಣೇ.

ನೀಲಾಂಬಿಕಾ: ಬ್ಯಾರೆ ಮೋಡಕ್ಕೂ ಅದೇ ಕಾಗಿ ಅಂಟಿಕೊಂಡದ?

ಲೋಕೇಶ್ ಲ್ಯಾಪ್‌ಟಾಪಿನ ಪರದೆಯನ್ನು ಅವಳತ್ತ ಇನ್ನಷ್ಟು ತಿರುಗಿಸಿದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅವನು ಸುರಕ್ಷತಾ ಅಧಿಕಾರಿ. ನಾಳೆ ಸುರಕ್ಷತಾ ದಿನ. ಇನ್ನೂರು ಕಾರ್ಮಿಕರಿಗೆ ತನ್ನ ಬಾಲ್ಯದ ಕಾರ್ಟೂನ್ ವೀರ ಮಿಂಚುಗಿಡುಗನನ್ನು ತೋರಿಸಿ, ಧೈರ್ಯದ ಬಗ್ಗೆ ಭಾಷಣ ಮಾಡುತ್ತೇನೆಂದು ಮ್ಯಾನೇಜರಿಗೆ ಮಾತು ಕೊಟ್ಟು ಬಂದಿದ್ದ. ಮೂವತ್ತು ವರ್ಷದ ಮೇಲೆ ಆ ಕಾರ್ಟೂನ್ ಅಂತರ್ಜಾಲದಲ್ಲಿ ಸಿಕ್ಕಿತ್ತು. ಭಾನುವಾರ ಬೆಳಿಗ್ಗೆ ಬಾಗಲಗುಂಟೆಯ ಮನೆಯಲ್ಲಿ, ಮೊದಲು ಹೆಂಡತಿಯ ಮೆಚ್ಚುಗೆ ಪಡೆಯೋಣವೆಂದು ಹಾಕಿ ಕೂತಿದ್ದ. ನೆನಪಿನಲ್ಲಿ ಆಕಾಶ ಸೀಳಿಕೊಂಡು ಹೋಗುತ್ತಿದ್ದ ವೀರ ಇಲ್ಲಿ ಹಗ್ಗಕ್ಕೆ ಒಣಹಾಕಿದ ಪೈಜಾಮದಂತೆ ಅಡ್ಡಡ್ಡ ಸರಿಯುತ್ತಿದ್ದ.

ನೀಲಾಂಬಿಕಾ: ಹೆಲ್ಮೆಟ್ ಇಲ್ಲ, ಬೆಲ್ಟ್ ಇಲ್ಲ. ಹಿಂದ ಅಷ್ಟುದ್ದ ಬಟ್ಟಿ ಬ್ಯಾರೆ. ಮಿಷನ್ನಿಗೆ ಸಿಕ್ಕರ?

ಲೋಕೇಶ್: ಅವನು ಮಿಷನ್ ಹತ್ರ ಹೋಗಲ್ಲ.

ಅಷ್ಟರಲ್ಲಿ ಮಿಂಚುಗಿಡುಗ ತಿರುಗುವ ದೊಡ್ಡ ಗಾಲಿಯೊಂದರ ಮೇಲೆ ಬಗ್ಗಿದ. ಲೋಕೇಶನೇ ಕೂತಲ್ಲಿಂದ ಕಾಲು ಹಿಂದಕ್ಕೆಳೆದುಕೊಂಡ.

ಅಸಲು ವಿಷಯ ಕೊನೆಯಲ್ಲಿದೆ, ಸ್ವಲ್ಪ ತಾಳು ಎಂದು ಹೆಂಡತಿಯನ್ನು ಬೇಡಿಕೊಂಡ. ಪ್ರತಿ ವಾರ ಕೊನೆಗೆ ವೀರ ನೋಡುವ ಮಕ್ಕಳತ್ತ ಬೆರಳು ತೋರಿಸಿ, ಗಂಭೀರ ದನಿಯಲ್ಲಿ ಒಂದು ಮಾತು ಹೇಳುತ್ತಿದ್ದ. ಕಾರ್ಟೂನ್ ಹಿಂದಿಯದು, ಮಿಂಚುಗಿಡುಗ ಎಂಬುದು ಮಕ್ಕಳೇ ಇಟ್ಟುಕೊಂಡ ಹೆಸರು; ಲೋಕೇಶನ ಊರಿನ ಬೀದಿಯಲ್ಲಿ ಹಿಂದಿ ಬಲ್ಲವರು ಒಬ್ಬರೂ ಇರಲಿಲ್ಲ. 'ಬಾ ಮಗಾ, ನೀನೂ ಹಾರು' ಎಂದು ಲೋಕೇಶನೇ ಅರ್ಥ ಮಾಡಿಕೊಂಡಿದ್ದ. ಎಂಟನೇ ವಯಸ್ಸಿನಲ್ಲಿ ಅಮ್ಮನ ದುಪ್ಪಟಿ ಕಟ್ಟಿಕೊಂಡು ಕೊಟ್ಟಿಗೆಯ ಮಾಡಿನಿಂದ ಹಾರಿಯೂಬಿಟ್ಟಿದ್ದ. ಎಡಮೊಣಕೈ ಇವತ್ತಿಗೂ ನೆಟ್ಟಗಾಗಿಲ್ಲ. ಒಬ್ಬ ವೀರನ ಒಂದು ಮಾತು ತನ್ನಲ್ಲಿ ಹೇಗೆ ಧೈರ್ಯ ತುಂಬಿತೆಂದು ಮದುವೆಯಾದ ಒಂಬತ್ತು ವರ್ಷವೂ ಹೆಂಡತಿಗೆ ಹೇಳಿಕೊಂಡು ಬಂದಿದ್ದ.

ಮಿಂಚುಗಿಡುಗ ಬೆರಳು ತೋರಿಸಿದ, ಮಾತು ಹೇಳಿದ. ನೀಲಾಂಬಿಕಾ ಬೀದರಿನವಳು; ಹಿಂದಿ ಅವಳಿಗೆ ಓಣಿಯಲ್ಲಿ ಆಡುತ್ತಲೇ ಬಂದ ಭಾಷೆ.

ನೀಲಾಂಬಿಕಾ: ಇದೇ ಮಾತಾ?

ಲೋಕೇಶ್: ಇದೇ. ಮೈ ಜುಮ್ ಅನ್ನಲ್ವಾ?

ನೀಲಾಂಬಿಕಾ: ಇನ್ನೊಮ್ಮೆ ಹಚ್ಚ್ರಿ.

ಎರಡನೇ ಸಲವೂ ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನೀಲಾಂಬಿಕಾ: 'ಮಕ್ಕಳೇ, ನನ್ನ ನೋಡಿ ನೀವು ಎಲ್ಲಿಂದನೂ ಜಿಗೀಬ್ಯಾಡ್ರಿ' ಅಂತ ಹೇಳ್ಯಾನ.

ಲೋಕೇಶ್: ಪ್ರತಿ ವಾರಾನೂ?

ನೀಲಾಂಬಿಕಾ: ವಾರಾ ವಾರಾನೂ ಹೇಳಿರಬೇಕು. ಪಾಪ.

ಲೋಕೇಶ್: ನಾನಾ?

ನೀಲಾಂಬಿಕಾ: ಅಂವ.

ಆಮೇಲಿನ ಕಂತುಗಳಲ್ಲಿ ಮಾತು ಬದಲಾಯಿಸಿರಬಹುದು ಎಂದು ಲೋಕೇಶ್ ವಾದಿಸಿದ. ಇನ್ನೆರಡು ಕಂತು ಹಾಕಿ ನೋಡಿದ. ಅದೇ ಬೆರಳು, ಅದೇ ಮಾತು. ಲ್ಯಾಪ್‌ಟಾಪ್ ಮುಚ್ಚಿ, ನಾಳೆಯ ಭಾಷಣದ ಹಾಳೆ ತೆಗೆದು ಮೇಲಿನಿಂದ ಕೆಳಗೆ ಓದಿದ.

ಲೋಕೇಶ್: ನಮ್ಮ ಕಾರ್ಖಾನೇಲಿ ಮುಕ್ಕಾಲು ಜನ ಬಿಹಾರ, ಒಡಿಶಾದೋರು. ನಾನು ಕನ್ನಡದಲ್ಲೇ ಹೇಳೋದು.

ನೀಲಾಂಬಿಕಾ: ಅವರೇನಂತಾರ?

ಲೋಕೇಶ್: ತಲೆ ಆಡಿಸ್ತಾರೆ. ಕೊನೆಗೆ ಜೋರು ಚಪ್ಪಾಳೆ.

ನೀಲಾಂಬಿಕಾ: ಆಮ್ಯಾಲ?

ಲೋಕೇಶ್: ಆಮೇಲೆ ಸೇಫ್ಟಿ ಬೆಲ್ಟ್ ಇಲ್ದೆ ಶೆಡ್ ಹತ್ತುತಾರೆ. ಹೇಳಿದ್ದು ಕೇಳಲ್ಲ ಅಂತ ಹೋದ ತಿಂಗಳು ಇಬ್ಬರಿಗೆ ನೋಟೀಸ್ ಕೊಟ್ಟೆ.

ಹೇಳಿದ ಮಾತು ತನ್ನ ಕಿವಿಗೇ ಬಿದ್ದು ಲೋಕೇಶನ ಮುಖ ಸಪ್ಪಗಾಯಿತು. ಹಾಳೆ ತಿರುವಿ, ಪೆನ್ನು ಹಿಡಿದು ಹೆಂಡತಿಯ ಹಿಂದೆಯೇ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತ. ಬೆಲ್ಟ್ ಇಲ್ಲದೆ ಹತ್ತಬೇಡಿ ಎನ್ನುವುದನ್ನು ಹಿಂದಿಯಲ್ಲಿ ಹೇಳಿಕೊಡು ಎಂದ. ಅವಳು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಎದ್ದು ನಿಂತು, ಎದೆಯುಬ್ಬಿಸಿ ಓದಿದ.

ನೀಲಾಂಬಿಕಾ: ಹಿಂಗ ಹೇಳಬ್ಯಾಡ್ರಿ.

ಲೋಕೇಶ್: ತಪ್ಪಾಯ್ತಾ?

ನೀಲಾಂಬಿಕಾ: ಮಾತು ಸರಿ ಅದ. ದನಿ ಕೇಳಿದ್ರ ನನಗೇ ಶೆಡ್ ಹತ್ತಬೇಕು ಅನಸ್ತದ.